ಸೋಗಿನ ಯಾನಕ್ಕೆ ಖರೇ ರೊಕ್ಕ

ವಿಜಯಪುರದ ಗಾಂಧಿ ಚೌಕವು ವರ್ಗಣಿ ಬೇಡುವವರಿಗೆ ಹೊಸ ಸ್ಥಳವಲ್ಲ. ಸಿದ್ಧೇಶ್ವರನ ಜಾತ್ರೆಯ ವರ್ಗಣಿ, ಗಣಪತಿಯ ವರ್ಗಣಿ, ಹೊಳೆಗೆ ನೆರೆ ಬಂದಾಗ ಮನೆ ಕಳೆದುಕೊಂಡವರ ಸಲುವಾಗಿ ಎತ್ತುವ ವರ್ಗಣಿ, ಇವೆಲ್ಲವೂ ಈ ಚೌಕದ ಅಂಗಡಿಗಳ ಮೆಟ್ಟಿಲನ್ನು ಹತ್ತಿ ಇಳಿದೇ ಮುಂದೆ ಹೋಗತಕ್ಕವು. ಅಂಗಡಿಕಾರರು ಗೊಣಗುತ್ತಾರೆ, ಆದರೆ ಕೊಡುತ್ತಾರೆ. ಗೊಣಗುವದು ವ್ಯಾಪಾರದ ಧರ್ಮ, ಕೊಡುವದು ಊರಿನ ಧರ್ಮ. ಹೀಗಿರಲಾಗಿ, ಕಳೆದ ದೀಪಾವಳಿಯ ರಜೆಯಲ್ಲಿ ಅಲ್ಲಿ ಬೇಡಲು ನಿಂತಿದ್ದ ಇಬ್ಬರು ವಿದ್ಯಾರ್ಥಿಗಳ ಕೈಯೊಳಗಿನ ಪಾವತಿ ಪುಸ್ತಕವನ್ನು ಕಂಡಾಗ, ಇಂಥ ವರ್ಗಣಿಯನ್ನು ಈ ಚೌಕವು ಹಿಂದೆಂದೂ ನೋಡಿರಲಾರದೆಂದು ನಮಗೆ ತೋರಿತು. ಮಂಗಳಗ್ರಹದ ಯಾನದ ಅಭ್ಯಾಸಕ್ಕಾಗಿ ಎಂದು ಅದರ ಮೇಲೆ ಬರೆದಿದ್ದಿತು.

ಅವರಲ್ಲಿ ಒಬ್ಬನು ನಮ್ಮ ಹಳೆಯ ಶಿಷ್ಯನ ಮಗ. ಇನ್ನೊಬ್ಬಳು ಬಬಲೇಶ್ವರದ ಕಡೆಯ ಹುಡುಗಿ, ಹೊಲಿಗೆಯ ಕೆಲಸದಿಂದ ಜೀವಿಸುವವನೊಬ್ಬನ ಮಗಳು. ಇಬ್ಬರೂ ಬೇರೊಂದು ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವರು. ಅಲ್ಲಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ತಾವೇ ಕೂಡಿ, ತಾವೇ ಕೆಲಸವನ್ನು ಹಂಚಿಕೊಂಡು, ಆರು ಗಾಲಿಗಳ ಒಂದು ಯಂತ್ರದ ಬಂಡಿಯನ್ನು ಕಟ್ಟುತ್ತಿದ್ದರು. ಈ ಬಂಡಿಯು ಮಂಗಳಗ್ರಹಕ್ಕೆ ಹೋಗತಕ್ಕದ್ದಲ್ಲ. ನಮ್ಮ ದೇಶದಲ್ಲಿಯೇ ದೂರದ ಒಂದೂರಿನ ಬಯಲನ್ನು ಮಂಗಳನ ನೆಲವೆಂದು ಭಾವಿಸಿಕೊಂಡು, ಅಲ್ಲಿ ಕಲ್ಲುಮಣ್ಣುಗಳ ನಡುವೆ ಅದು ಓಡಾಡಬೇಕು, ಮಣ್ಣನ್ನು ಅಗೆದು ಪರೀಕ್ಷಿಸಬೇಕು, ಕೀಲಿಗಳನ್ನು ತಿರುವಬೇಕು. ನಡೆಸುವವರಾದರೋ ಅದನ್ನು ಕಣ್ಣಾರೆ ನೋಡದೆ, ಮುಚ್ಚಿದ ಕೋಣೆಯಲ್ಲಿ ಕುಳಿತು, ಬಂಡಿಯ ಮೇಲಿನ ಕ್ಯಾಮರಾ ತೋರಿಸಿದಷ್ಟನ್ನೇ ನಂಬಿ ನಡೆಯಿಸಬೇಕು. ಇಂಥದೊಂದು ಸ್ಪರ್ಧೆಗೆ ಹೋಗಿ ಬರಲು ಅವರಿಗೆ ದ್ರವ್ಯವು ಬೇಕಾಗಿದ್ದಿತು.

ನಮಗೆ ಬಹುದಿನಗಳಿಂದ ಪರಿಚಿತರಾದ ಅರಿವೆಯ ವ್ಯಾಪಾರಿಗಳೊಬ್ಬರು ಹುಡುಗರ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ ನಮ್ಮ ಕಡೆಗೆ ತಿರುಗಿ, "ಖರೇ ಮಂಗಳಕ್ಕ ಹೋಗಾಕತ್ತಿದ್ರ ಮೊದಲನೇ ಪಾವತಿ ನಾನ ಹರಸತಿದ್ದೆ ನೋಡ್ರಿ ಮಾಸ್ತರ. ಇದು ಸೋಗಿನ ಯಾನ ಅಂತ ಇವರ ಹೇಳ್ತಾರ. ಸೋಗಿನ ಯಾನಕ್ಕ ಖರೇ ರೊಕ್ಕ ಯಾಕ ಬೇಕ್ರಿ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ಹುಡುಗರೂ ನಕ್ಕರು, ಆದರೆ ಆ ನಗೆಯಲ್ಲಿ ಉತ್ತರವಿರಲಿಲ್ಲ. ನಾವೂ ಆ ಕ್ಷಣಕ್ಕೆ ಏನನ್ನೋ ಹೇಳಿ ಮನೆಗೆ ಬಂದೆವು. ಆದರೆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಇಂಥ ಮಕ್ಕಳು ಮನೆಬಾಗಿಲಿಗೆ ಬರತಕ್ಕ ಕಾಲವಿದು. ಆದುದರಿಂದ ವ್ಯಾಪಾರಿಗಳ ಆ ಪ್ರಶ್ನೆಯನ್ನು ಕುಟುಂಬದ ವಾಚಕರ ಮುಂದಿಟ್ಟು, ನಮಗೆ ತಿಳಿದ ಮಟ್ಟಿಗೆ ಉತ್ತರವನ್ನು ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಸೋಗಿನ ಮಾತನ್ನು ವಿಚಾರಿಸೋಣ. ಶ್ರೀಕೃಷ್ಣಪಾರಿಜಾತದ ಮೇಳದವರು ಜಾತ್ರೆಯಲ್ಲಿ ಆಟವನ್ನು ಕಟ್ಟುವ ಮೊದಲು ಎಷ್ಟೋ ರಾತ್ರಿ ತಾಲೀಮು ನಡೆಯಿಸುತ್ತಾರೆ. ಜಂಗೀ ಕುಸ್ತಿಗೆ ಇಳಿಯುವ ಪೈಲವಾನನು ಗರಡಿಯ ಮಣ್ಣಿನಲ್ಲಿ ವರ್ಷಗಟ್ಟಲೆ ತನ್ನ ಗೆಳೆಯನೊಡನೆಯೇ ಹೋರಾಡುತ್ತಾನೆ. ಗರಡಿಯೊಳಗಿನ ಆ ಕುಸ್ತಿಯು ಸೋಗಿನ ಕುಸ್ತಿಯೇ ಸರಿ. ಆದರೆ ಅವನು ಕುಡಿದ ಹಾಲು, ತಿಂದ ಬಾದಾಮಿ ಖರೇ ರೊಕ್ಕದವೇ ಆಗಿರುತ್ತವೆ. ಅಲ್ಲಿ ಬಿದ್ದರೆ ಧೂಳು ಕೊಡವಿಕೊಂಡು ಏಳಬಹುದು, ಕಣದಲ್ಲಿ ಬಿದ್ದರೆ ಮಾನವೇ ಹೋಗುವದು. ಬೀಳುವದಿದ್ದರೆ ಅಗ್ಗದ ಸ್ಥಳದಲ್ಲಿ ಬಿದ್ದು ಕಲಿತುಕೊಳ್ಳಬೇಕೆಂಬದೇ ಎಲ್ಲ ಅಭ್ಯಾಸದ ಮೂಲತತ್ತ್ವವು.

ಆಕಾಶದ ವ್ಯವಹಾರದಲ್ಲಿ ಈ ತತ್ತ್ವವು ಇನ್ನಷ್ಟು ಕಠಿಣವಾಗಿರುತ್ತದೆ. ನಮ್ಮ ದೇಶದ ಎರಡನೆಯ ಚಂದ್ರಯಾನದ ಇಳಿಬಂಡಿಯು ೨೦೧೯ನೆಯ ಸಪ್ಟೆಂಬರ ೭ರಂದು ಚಂದ್ರನ ಮೇಲೆ ಮೆಲ್ಲನೆ ಇಳಿಯಲಾರದೆ ಅಪ್ಪಳಿಸಿತು. ನಾಲ್ಕು ವರ್ಷಗಳ ತರುವಾಯ, ೨೦೨೩ನೆಯ ಆಗಸ್ಟ ೨೩ರಂದು, ಮೂರನೆಯ ಚಂದ್ರಯಾನವು ಅಲ್ಲಿ ಸುಖವಾಗಿ ಇಳಿಯಿತು. ಆ ದಿನ ಮನೆಮನೆಯಲ್ಲಿ ಹರ್ಷಪಟ್ಟ ನಮ್ಮವರಲ್ಲಿ ಬಹುಜನರಿಗೆ ತಿಳಿಯದ ಸಂಗತಿಯೊಂದುಂಟು. ಇಸ್ರೋ ಸಂಸ್ಥೆಯವರು ನಮ್ಮ ಕರ್ನಾಟಕದ ಚಿತ್ರದುರ್ಗ ಜಿಲ್ಲೆಯಲ್ಲಿ, ಚಳ್ಳಕೆರೆಯ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ, ಚಂದ್ರನ ಮೇಲಿರುವಂಥ ಕುಳಿಗಳನ್ನು ನೆಲದಲ್ಲಿ ತೋಡಿಸಿ, ಇಳಿಬಂಡಿಯ ಕಣ್ಣುಗಳನ್ನು ವಿಮಾನದಲ್ಲಿಟ್ಟು, ಆ ಕುಳಿಗಳ ಮೇಲೆ ಹಾರಿಸಿ ಪರೀಕ್ಷಿಸಿದರು. ತಮಿಳುನಾಡಿನ ಸಿತ್ತಂಪೂಂಡಿಯ ಸುತ್ತಲಿನ ಬಂಡೆಗಳು ಚಂದ್ರನ ಮಣ್ಣನ್ನು ಹೋಲುವವೆಂದು ಕಂಡುಬಂದುದರಿಂದ, ಆ ಬಂಡೆಗಳನ್ನು ಪುಡಿಮಾಡಿಸಿ ಬೆಂಗಳೂರಿಗೆ ತರಿಸಿ, ಆ ಪುಡಿಯ ಮೇಲೆ ಬಂಡಿಯ ಗಾಲಿಗಳನ್ನು ಓಡಿಸಿ ನೋಡಿದರು. ಕಾವಲಿನ ಚಂದ್ರನು ಸೋಗಿನ ಚಂದ್ರನೇ, ಪುಡಿಯೂ ಸೋಗಿನ ಪುಡಿಯೇ. ಆದರೆ ಆ ಸೋಗಿಗೆ ಹಾಕಿದ ರೊಕ್ಕವು ಆಗಸ್ಟ ತಿಂಗಳ ಆ ಸಂಜೆಗೆ ಬಡ್ಡಿಸಹಿತ ಮರಳಿ ಬಂದಿತು.

ಯಂತ್ರಕ್ಕೆ ಬೇಕಾದ ಅಭ್ಯಾಸವು ಮನುಷ್ಯನಿಗೆ ಇಮ್ಮಡಿಯಾಗಿ ಬೇಕು. ಮಂಗಳನಿಂದ ಭೂಮಿಗೆ ಒಂದು ಮಾತು ಬಂದು ಮುಟ್ಟಲು, ಎರಡು ಗ್ರಹಗಳ ಅಂತರಕ್ಕನುಸಾರವಾಗಿ, ಮೂರು ನಿಮಿಷಗಳಿಂದ ಇಪ್ಪತ್ತೆರಡು ನಿಮಿಷಗಳವರೆಗೆ ಹಿಡಿಯುವದು. ಎಂದರೆ ಅಲ್ಲಿ ಒಬ್ಬನಿಗೆ ಹೊಟ್ಟೆನೋವು ಬಂದು, ಏನು ಮಾಡಲೆಂದು ಅವನು ಕೇಳಿದರೆ, ಉತ್ತರವು ಬರುವಷ್ಟರಲ್ಲಿ ಕಾಲು ಗಳಿಗೆಯೂ ಕಳೆಯಬಹುದು, ಕೆಲವು ಕಾಲ ಹೆಚ್ಚುಕಡಿಮೆ ಎರಡು ಗಳಿಗೆಯೂ ಕಳೆಯಬಹುದು. ಇಷ್ಟು ದೂರದಲ್ಲಿ ನಾಲ್ಕಾರು ಜನರು ಒಂದೇ ಸೂರಿನ ಕೆಳಗೆ, ಅಳೆದ ನೀರು, ಅಳೆದ ಅನ್ನದಲ್ಲಿ, ಜಗಳವಾಡದೆ ಬದುಕಬಲ್ಲರೇ ಎಂಬದನ್ನು ಮೊದಲು ನೆಲದ ಮೇಲೆಯೇ ನೋಡಿಕೊಳ್ಳಬೇಕು. ಅವಿಭಕ್ತ ಕುಟುಂಬದಲ್ಲಿ ಬಾಳಿದ ನಮ್ಮ ಗೃಹಿಣಿಯರಿಗೆ ಈ ಪರೀಕ್ಷೆಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಾಗಿಯೇ ಮಾಸ್ಕೋ ಪಟ್ಟಣದಲ್ಲಿ ೨೦೧೦ನೆಯ ಜೂನ ೩ರಿಂದ ೨೦೧೧ನೆಯ ನವೆಂಬರ ೪ರ ವರೆಗೆ, ೫೨೦ ದಿನಗಳ ಕಾಲ, ಆರು ಜನರು ಮುಚ್ಚಿದ ಮನೆಯೊಳಗೆ ಮಂಗಳನ ಯಾತ್ರೆಯನ್ನು ಅಭಿನಯಿಸಿದರು. ಅಮೇರಿಕೆಯ ಹ್ಯೂಸ್ಟನ್ನಿನಲ್ಲಿ ನಾಲ್ವರು ೨೦೨೩ನೆಯ ಜೂನ ೨೫ರಂದು ಇಂಥದೇ ಮನೆಯನ್ನು ಹೊಕ್ಕು, ೩೭೮ ದಿನಗಳನ್ನು ಒಳಗೆ ಕಳೆದು, ೨೦೨೪ನೆಯ ಜುಲೈ ೬ರಂದು ಹೊರಬಿದ್ದರು. ನಮ್ಮ ದೇಶದಲ್ಲಿಯೂ ೨೦೨೪ನೆಯ ನವೆಂಬರದಲ್ಲಿ ಲೇಹದಲ್ಲಿ ಮೊದಲನೆಯ ಪ್ರಯತ್ನವು ಆರಂಭವಾಯಿತು. ಮರುವರ್ಷ, ೨೦೨೫ನೆಯ ಆಗಸ್ಟ ೧ರಿಂದ ೧೦ರ ವರೆಗೆ, ಲಡಾಖಿನ ತ್ಸೋ ಕಾರ್ ಸರೋವರದ ಕಣಿವೆಯಲ್ಲಿ ಇಬ್ಬರು ವಾಸಿಸಿ ನೋಡಿದರು. ಅಲ್ಲಿಯ ಎಂಟು ಮೀಟರ ವ್ಯಾಸದ ವಾಸಗೃಹವನ್ನೂ ಐದು ಮೀಟರಿನ ಉಪಗೃಹವನ್ನೂ ಇಸ್ರೋದೊಡನೆ ಕೂಡಿ ಕಟ್ಟಿದ ಪ್ರೋಟೋಪ್ಲಾನೆಟ್ ಎಂಬ ಸಂಸ್ಥೆಯು ನಮ್ಮ ಬೆಂಗಳೂರಿನದು.

ಇವೆಲ್ಲವೂ ದೊಡ್ಡವರ, ಸರಕಾರಗಳ ಮಾತಾಯಿತು. ವಿದ್ಯಾರ್ಥಿಗಳಾದವರು ತಾವೇ ಇಂಥದನ್ನು ನಡೆಯಿಸಬಲ್ಲರೇ? ನಡೆಯಿಸಿದ್ದಾರೆ. ಸ್ವಿಟ್ಜರ್ಲಂಡದ ಲೊಸಾನ್ ನಗರದ ವಿದ್ಯಾರ್ಥಿಗಳು ೨೦೨೧ನೆಯ ಜುಲೈ ತಿಂಗಳಲ್ಲಿ ಗ್ರಿಮ್ಸೆಲ್ ಎಂಬ ಬೆಟ್ಟದೊಳಗಿನ ಸುರಂಗವನ್ನೇ ಚಂದ್ರನ ಗುಹೆಯೆಂದು ಭಾವಿಸಿ, ಆಸ್ಕ್ಲೇಪಿಯೋಸ್ ಎಂಬ ಹೆಸರಿನಿಂದ ಒಂದು ಯಾನವನ್ನು ನಡೆಯಿಸಿದರು. ಒಳಗಿದ್ದವರೂ ವಿದ್ಯಾರ್ಥಿಗಳೇ, ಹೊರಗಿನಿಂದ ಅವರಿಗೆ ನಿರ್ದೇಶ ಕೊಡುವವರೂ ವಿದ್ಯಾರ್ಥಿಗಳೇ, ಅದಕ್ಕೆ ಬೇಕಾದ ನೆರವನ್ನು ಬೇಡಿ ತಂದವರೂ ಅವರೇ. ಅಮೇರಿಕೆಯ ಯೂಟಾ ಪ್ರಾಂತದ ಮರುಭೂಮಿಯಲ್ಲಿ ಮಾರ್ಸ್ ಸೊಸೈಟಿ ಎಂಬ ಸಂಘದವರು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಮಂಗಳನ ಸೋಗಿನ ನಿಲಯವೊಂದನ್ನು ನಡೆಯಿಸುತ್ತಿದ್ದಾರೆ. ಅದೇ ಸ್ಥಳದಲ್ಲಿ ೨೦೦೭ರಿಂದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಕಟ್ಟಿದ ಬಂಡಿಗಳ ಸ್ಪರ್ಧೆಯು ನಡೆದುಬಂದಿದೆ. ನಮ್ಮ ಮಣಿಪಾಲದ ವಿದ್ಯಾರ್ಥಿಗಳ ತಂಡವೂ ಆ ಮರುಭೂಮಿಯಲ್ಲಿ ತನ್ನ ಬಂಡಿಯನ್ನು ಓಡಿಸಿ ಬಂದಿದೆ.

ಆ ಸ್ಪರ್ಧೆಯ ನಿಯಮಗಳಲ್ಲಿ ಎರಡು ನಮಗೆ ಬಹಳ ಮೆಚ್ಚಿಕೆಯಾದವು. ಬಂಡಿಯು ಐವತ್ತು ಕಿಲೋಗ್ರಾಮಿಗಿಂತ ಭಾರವಾಗಿರಬಾರದೆಂಬದು ಒಂದು. ಬಂಡಿಗೆ ಹಾಕುವ ವೆಚ್ಚಕ್ಕೂ ಒಂದು ಮಿತಿಯುಂಟು, ಆ ವೆಚ್ಚದ ಲೆಕ್ಕವನ್ನು ತಂಡದವರು ಒಪ್ಪಿಸಲೇಬೇಕೆಂಬದು ಇನ್ನೊಂದು. ಧನವಂತರ ಮಕ್ಕಳು ಹಣವನ್ನು ಸುರಿದು ಗೆಲ್ಲಬಾರದು, ಬುದ್ಧಿಯಿಂದ ಗೆಲ್ಲಬೇಕು, ಎಂಬದು ಈ ಎರಡನೆಯ ನಿಯಮದ ತಾತ್ಪರ್ಯವು. ಆದರೆ ಪ್ರಯಾಣದ ವೆಚ್ಚವನ್ನು ಅವರು ಈ ಮಿತಿಯೊಳಗೆ ಹಿಡಿಯುವದಿಲ್ಲ. ದೂರದಿಂದ ಬರುವ ತಂಡಕ್ಕೆ ಬಂಡಿಗಿಂತ ಬಂಡಿಯನ್ನು ಸಾಗಿಸುವದೇ ಭಾರವಾಗುವದು. ನಮ್ಮ ಹುಡುಗರ ಪಟ್ಟಿಯೂ ಹೀಗೆಯೇ ಇದ್ದಿತು. ಮೋಟಾರು, ಬ್ಯಾಟರಿ, ರೇಡಿಯೋ, ಕ್ಯಾಮರಾ ಇವುಗಳಿಗೆ ಕಾಲೇಜು ಸ್ವಲ್ಪ ಕೊಟ್ಟಿದ್ದಿತು. ಲೇತಿನ ಕೆಲಸವನ್ನು ಕಾರಖಾನೆಯವರೊಬ್ಬರು ಪುಕ್ಕಟೆಯಾಗಿ ಮಾಡಿಕೊಟ್ಟಿದ್ದರು. ಉಳಿದದ್ದು ಜನರ ರೈಲಿನ ಟಿಕೀಟು, ಬಂಡಿಯ ಸಾಗಾಟ, ಊಟ, ವಸತಿ.

ಈ ಪಟ್ಟಿಯನ್ನು ನೋಡಿದ ಮೇಲೆ ನಾವು ಹುಡುಗನನ್ನು, ವರ್ಗಣಿಯು ಕೂಡದಿದ್ದರೆ ಏನು ಮಾಡುವಿರಿ ಎಂದು ಕೇಳಿದೆವು. "ಹಂಗಾದ್ರ ತಲಿಗಿಷ್ಟು ಅಂತ ಹಾಕ್ಕೊಂಡು ಹೋಗ್ತೀವ್ರಿ ಸರ್," ಎಂದು ಅವನು ಸಹಜವಾಗಿ ಹೇಳಿದನು. ಹುಡುಗಿಯು ಏನೂ ಹೇಳಲಿಲ್ಲ. ಅವಳು ಪಾವತಿ ಪುಸ್ತಕದ ಹಾಳೆಗಳನ್ನು ಸರಿಪಡಿಸುತ್ತ ನಿಂತಳು. ಬಂಡಿಯ ಕೈಯನ್ನು, ಎಂದರೆ ಮಣ್ಣನ್ನು ಎತ್ತುವ ಯಂತ್ರಭಾಗವನ್ನು, ರಚಿಸಿದವಳು ಅವಳೇ ಎಂದು ಹುಡುಗನು ಆಗಲೇ ನಮಗೆ ಅಭಿಮಾನದಿಂದ ತಿಳಿಸಿದ್ದನು. ತಲೆಗಿಷ್ಟು ಎಂದು ಹಾಕಿದ ದಿನ ಆ ಕೈಯನ್ನು ನಡೆಯಿಸಲು ಅವಳು ಅಲ್ಲಿ ಇರುವಳೇ ಎಂಬ ಸಂಶಯವು ನಮ್ಮನ್ನು ಚುಚ್ಚಿತು. ಅದು ಚುಚ್ಚಲು ಒಂದು ಹಳೆಯ ಕಾರಣವುಂಟು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಒಂದು ಶಾಲೆಯ ಹುಡುಗರನ್ನು ಬೆಂಗಳೂರಿನ ನೆಹರೂ ತಾರಾಲಯವನ್ನು ತೋರಿಸಲು ಕರೆದುಕೊಂಡು ಹೋಗಿದ್ದೆವು. ತಲೆಗಿಷ್ಟು ಎಂದು ನಾವೇ ಗೊತ್ತುಮಾಡಿದ್ದೆವು. ಆಕಾಶದ ವಿಷಯದಲ್ಲಿ ವರ್ಗಕ್ಕೆಲ್ಲ ಹೆಚ್ಚು ಪ್ರಶ್ನೆಗಳನ್ನು ಕೇಳುತ್ತಿದ್ದ ಹುಡುಗನೊಬ್ಬನು ಹೊರಡುವ ದಿನ ಬರಲಿಲ್ಲ. ಜ್ವರ ಬಂದಿದೆಯೆಂದು ಹೇಳಿಕಳಿಸಿದನು. ನಾವು ನಂಬಿದೆವು, ನಂಬುವದು ನಮಗೆ ಅನುಕೂಲವಾಗಿದ್ದಿತು. ಅವನಿಗೆ ಜ್ವರವಿರಲಿಲ್ಲ, ಮನೆಯಲ್ಲಿ ರೊಕ್ಕವಿರಲಿಲ್ಲ ಎಂಬದು ಹಲವು ತಿಂಗಳ ಮೇಲೆ ತಿಳಿಯಿತು. ಅಂದು ನಾವು ಪೇಟೆಗೆ ಹೋಗಿ ಹತ್ತು ಅಂಗಡಿಗಳ ಮುಂದೆ ನಿಂತು ಕೈಯೊಡ್ಡಿದ್ದರೆ ಎಲ್ಲರ ಟಿಕೀಟೂ ಆಗುತ್ತಿದ್ದಿತು. ಶಿಕ್ಷಕನಾದವನು ಬೇಡುವದು ಹೀನವೆಂಬ ಒಂದು ಹುಸಿ ಮಾನವು ನಮ್ಮನ್ನು ತಡೆಯಿತು. ನಮ್ಮ ಮಾನವನ್ನು ಉಳಿಸಿಕೊಳ್ಳುವದಕ್ಕೆ ಆ ಹುಡುಗನ ಆಕಾಶವನ್ನು ವೆಚ್ಚ ಮಾಡಿದಂತಾಯಿತು. ಅವನು ಈಗ ದೊಡ್ಡವನಾಗಿ ಒಂದು ಉದ್ಯೋಗದಲ್ಲಿದ್ದಾನೆ. ದಾರಿಯಲ್ಲಿ ಭೆಟ್ಟಿಯಾದರೆ ಆದರದಿಂದ ನಮಸ್ಕರಿಸುತ್ತಾನೆ. ಆ ಪ್ರವಾಸದ ಮಾತನ್ನು ಅವನೂ ಎತ್ತುವದಿಲ್ಲ, ನಾವೂ ಎತ್ತಿಲ್ಲ.

ಆದುದರಿಂದ ವ್ಯಾಪಾರಿಗಳ ಪ್ರಶ್ನೆಗೆ ನಮ್ಮ ನಿಜವಾದ ಉತ್ತರವು ಇದು. ರೊಕ್ಕವಿಲ್ಲದಿದ್ದರೂ ಬಂಡಿಯು ಹೇಗೋ ಹೋಗುವದು. ಹೋಗದೆ ಉಳಿಯುವವರು ಬಡವರ ಮಕ್ಕಳು. ಅವರು ಜಗಳವಾಡಿ ಹೊರಬೀಳುವದಿಲ್ಲ, ಜ್ವರದ ನೆವ ಹೇಳಿ ಹಿಂದೆ ಸರಿಯುತ್ತಾರೆ. ಪೇಟೆಯ ವರ್ಗಣಿಯು ಯಂತ್ರಕ್ಕೆ ಹಾಕುವ ಎಣ್ಣೆಯಷ್ಟೇ ಅಲ್ಲ. ಗರಡಿಯೊಳಗೆ ಯಾರು ಇಳಿಯಬೇಕೆಂಬದನ್ನು ತಂದೆಯ ಚೀಲವು ನಿಶ್ಚಯಿಸದಂತೆ ನೋಡಿಕೊಳ್ಳುವ ಉಪಾಯವು ಅದು.

ಇಲ್ಲಿ ಗೃಹಿಣಿಯರು ಒಂದು ಆಕ್ಷೇಪವನ್ನು ಎತ್ತಬಹುದು. ನಮ್ಮ ಮನೆಯಲ್ಲಿಯೇ ಅದು ಎದ್ದಿತು. ಫೀ ತುಂಬಲಾರದೆ ಓದನ್ನು ಬಿಟ್ಟ ಹುಡುಗಿಯರು ನಮ್ಮ ಓಣಿಯಲ್ಲಿಯೇ ಇರುವಾಗ, ಮಳೆಯೇ ನೆಚ್ಚಿಗೆಯಿಲ್ಲದ ಈ ಸೀಮೆಯಲ್ಲಿ, ಮಂಗಳನ ಆಟಕ್ಕೆ ಕೊಡುವದು ನ್ಯಾಯವೇ ಎಂದು ನಮ್ಮ ಮನೆಯವರು ಕೇಳಿದರು. ಈ ಮಾತನ್ನು ನಾವು ಹಗುರಾಗಿ ತೆಗೆದುಹಾಕಲಾರೆವು. ಹಸಿವೆಗೆ ಕೊಡುವ ದಾನವು ಮೊದಲನೆಯದು, ಅದರ ಸ್ಥಾನವನ್ನು ಬೇರಾವ ದಾನವೂ ಕಸಿದುಕೊಳ್ಳಬಾರದು. ಫೀಗೆಂದು ಎತ್ತಿಟ್ಟದ್ದನ್ನು ಬಂಡಿಗೆ ಕೊಡುವದು ತಪ್ಪೇ ಸರಿ. ಆದರೆ ಮದುವೆಯ ಬ್ಯಾಂಡಿಗೆ, ಪಟಾಕಿಗೆ, ಹಾರತುರಾಯಿಗೆ ಹೋಗುವದರಲ್ಲಿ ಒಂದು ಪಾಲು ಇತ್ತ ಬಂದರೆ ಹಸಿದವರ ಅನ್ನವೇನೂ ಕಡಿಮೆಯಾಗದು. ಓದನ್ನು ಬಿಡದೆ ಕಷ್ಟದಿಂದ ಇಷ್ಟು ದೂರ ಬಂದ ಹುಡುಗಿಯು ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟರೆ, ಮೊದಲನೆಯ ಮೆಟ್ಟಿಲಿನಲ್ಲಿರುವ ಹುಡುಗಿಗೆ ಧೈರ್ಯವನ್ನು ಹೇಳುವವರಾರು?

ಆಕಾಶದ ವಿದ್ಯೆಯನ್ನು ಪೇಟೆಯು ಪೋಷಿಸಿದ್ದು ಹೊಸತೂ ಅಲ್ಲ. ಕ್ರಿಸ್ತಶಕ ೧೧೧೪ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ತನ್ನ ಊರು ವಿಜ್ಜಡವಿಡವೆಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಕೆಲವು ಪಂಡಿತರೂ, ಸಹ್ಯಾದ್ರಿಯ ಸೀಮೆಯ ಬೇರೊಂದು ಊರೆಂದು ಕೆಲವರೂ ವಾದಿಸುತ್ತಾರೆ. ಆ ವಾದವನ್ನು ಅವರಿಗೇ ಬಿಡೋಣ. ಮೂವತ್ತಾರನೆಯ ವಯಸ್ಸಿನಲ್ಲಿ, ೧೧೫೦ರಲ್ಲಿ, ಅವನು ಸಿದ್ಧಾಂತಶಿರೋಮಣಿಯನ್ನು ರಚಿಸಿದನು. ಅದರ ಗೋಲಾಧ್ಯಾಯದಲ್ಲಿ ಬಿದಿರಿನ ಸೀಳುಗಳನ್ನು ಬಳೆಯಾಗಿ ಬಗ್ಗಿಸಿ, ಒಂದರೊಳಗೊಂದು ಕಟ್ಟಿ, ಆಕಾಶಗೋಲದ ಪ್ರತಿಕೃತಿಯನ್ನು ಮಾಡಿ ಶಿಷ್ಯನಿಗೆ ತೋರಿಸುವ ವಿಧಾನವು ಹೇಳಲ್ಪಟ್ಟಿದೆ. ಬಿದಿರಿನ ಆ ಆಕಾಶವೂ ಸೋಗಿನ ಆಕಾಶವೇ ಅಲ್ಲವೇ?

ಭಾಸ್ಕರಾಚಾರ್ಯನ ಮೊಮ್ಮಗನಾದ ಚಾಂಗದೇವನು ಯಾದವ ಸಿಂಘಣನ ಆಸ್ಥಾನದ ಜ್ಯೋತಿಷಿಯಾಗಿದ್ದನು. ಅಜ್ಜನ ಗ್ರಂಥಗಳ ಅಧ್ಯಯನವು ನಡೆಯಬೇಕೆಂದು ಅವನು ಈಗಿನ ಮಹಾರಾಷ್ಟ್ರದ 
ಚಾಳಿಸಗಾವದ ಹತ್ತಿರದ ಪಾಟಣದಲ್ಲಿ ಒಂದು ಮಠವನ್ನು ಕಟ್ಟಿಸಿದನು. ನಿಕುಂಭ ವಂಶದ ಸೋಯಿದೇವನು ಅದಕ್ಕೆ ಕೊಟ್ಟ ದಾನದ ೧೨೦೭ನೆಯ ಇಸವಿಯ ಶಿಲಾಶಾಸನವು ದೊರೆತಿದೆ. ಅದರಲ್ಲಿ ಅರಸನ ದಾನವೊಂದೇ ಅಲ್ಲ, ಪೇಟೆಯ ಮಾರಾಟದಿಂದಲೂ ಎಣ್ಣೆಯ ಗಾಣದಿಂದಲೂ ಮಠಕ್ಕೆ ಸಲ್ಲತಕ್ಕ ಪಾಲುಗಳು ಹೇಳಲ್ಪಟ್ಟಿವೆ. ಗಾಣಿಗನ ಎಣ್ಣೆಯಿಂದ ದೀಪವು ಉರಿದಲ್ಲದೆ ರಾತ್ರಿ ಗ್ರಹಗತಿಯ ಲೆಕ್ಕವನ್ನು ಓದುವದು ಹೇಗೆ? ಎಂಟು ನೂರು ವರ್ಷಗಳ ಹಿಂದಿನ ಆ ವರ್ಗಣಿಗೂ ಗಾಂಧಿ ಚೌಕದ ಈ ವರ್ಗಣಿಗೂ ಇರುವ ಭೇದವು ಅಲ್ಪವೆಂದೇ ನಾವು ತಿಳಿಯುತ್ತೇವೆ.

ಹತ್ತಿರದ ದೃಷ್ಟಾಂತವೂ ಇದೇ ಊರಿನಲ್ಲಿ ದೊರೆಯುವದು. ವಕೀಲಿಗಾಗಿ ಇಲ್ಲಿಗೆ ಬಂದು ನೆಲೆಸಿದ ಫ. ಗು. ಹಳಕಟ್ಟಿಯವರು ೧೯೧೦ರಲ್ಲಿ ಇಲ್ಲಿಯ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಘಕ್ಕೆ ಅಡಿಪಾಯವನ್ನು ಹಾಕಿದರು. ವಚನಶಾಸ್ತ್ರದ ಪ್ರಕಟಣೆಗಾಗಿ ಮನೆಯನ್ನೇ ಮಾರಿ ಮುದ್ರಣಾಲಯವನ್ನು ನಡೆಯಿಸಿದರು, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಇಂದು ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜೇ ಈ ಊರಿನಲ್ಲಿದೆ. ಮೊದಲು ತನ್ನದನ್ನು ಕೊಟ್ಟು ಆಮೇಲೆ ಬೇಡುವವನ ಮಾತಿಗೆ ಬೆಲೆಯುಂಟು. ನಮ್ಮ ಹುಡುಗರು ತಮ್ಮ ರಜೆಯನ್ನೂ ನಿದ್ದೆಯನ್ನೂ ಕೊಟ್ಟು ಬೇಡಲು ಬಂದಿದ್ದರು.

ಬೇಡುವ ರೀತಿಯನ್ನು ಕಲಿಯಬೇಕೆಂದರೆ ಯಾವ ಮಹಾತ್ಮನ ಹೆಸರನ್ನು ಆ ಚೌಕಕ್ಕೆ ಇಟ್ಟಿದ್ದಾರೆಯೋ ಅವನ ಚರಿತ್ರೆಯಲ್ಲಿಯೇ ಅದು ದೊರೆಯುವದು. ಗಾಂಧೀಜಿಯವರು ೧೮೯೪ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ ನಾಟಾಲ ಇಂಡಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿ, ಅದಕ್ಕಾಗಿ ವರ್ಗಣಿಯನ್ನು ಕೂಡಿಸುತ್ತ ಊರೂರು ತಿರುಗುತ್ತಿದ್ದರು. ಟೋಂಗಾಟ ಎಂಬ ಊರಿನಲ್ಲಿ ಆತಿಥ್ಯ ಕೊಟ್ಟ ವ್ಯಾಪಾರಿಯಿಂದ ಆರು ಪೌಂಡುಗಳನ್ನು ಅಪೇಕ್ಷಿಸಿದರೆ, ಅವನು ಮೂರಕ್ಕಿಂತ ಹೆಚ್ಚು ಕೊಡಲೊಲ್ಲನು. ಅವನು ಮೂರು ಕೊಟ್ಟರೆ ಉಳಿದವರೂ ಅಷ್ಟಕ್ಕೇ ನಿಲ್ಲುವರು. ರಾತ್ರಿ ಬಹಳವಾಗಿದ್ದಿತು, ಎಲ್ಲರಿಗೂ ಹಸಿವೆಯಾಗಿದ್ದಿತು. ಆದರೂ ವರ್ಗಣಿಯಾಗದೆ ಉಣ್ಣಲೊಲ್ಲೆವೆಂದು ಬೆಳಗಾಗುವವರೆಗೆ ಕುಳಿತರು. ಒಂದು ಬಿರುನುಡಿಯನ್ನೂ ಆಡಲಿಲ್ಲ. ಕೊನೆಗೆ ಬೆಳಕು ಹರಿಯುವಾಗ ಅವನು ಆರು ಪೌಂಡುಗಳನ್ನೂ ಕೊಟ್ಟು ಊಟಕ್ಕೂ ಹಾಕಿದನು. ಈ ಸಂಗತಿಯನ್ನು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದಕ್ಕಿಂತಲೂ ಮುಖ್ಯವಾದದ್ದನ್ನು ಅಲ್ಲಿಯೇ ಹೇಳಿದ್ದಾರೆ. ಬಂದ ಚಿಕ್ಕ ಮೊತ್ತಕ್ಕೂ ಪಾವತಿಯನ್ನು ಕೊಟ್ಟರು, ಪೈಸೆ ಪೈಸೆಗೂ ಲೆಕ್ಕವನ್ನು ಇಟ್ಟರು, ಸಾಲ ಮಾಡಿ ಸಾರ್ವಜನಿಕ ಕಾರ್ಯವನ್ನು ನಡೆಯಿಸಬಾರದೆಂಬದನ್ನು ಆರಂಭದಲ್ಲಿಯೇ ಕಲಿತರು.

ಈ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ನಾವು ಸೇರಿಸುತ್ತೇವೆ, ಅದು ಸೋಲಿನ ಲೆಕ್ಕ. ನಮ್ಮ ದೇಶದ ಸರಕಾರೀ ಶಾಲೆಗಳ ೭೫೦ ಹುಡುಗಿಯರ ಕೈಕೆಲಸವನ್ನು ಹೊತ್ತ ಆಝಾದಿಸ್ಯಾಟ್ ಎಂಬ ಚಿಕ್ಕ ಉಪಗ್ರಹವು ೨೦೨೨ನೆಯ ಆಗಸ್ಟ ೭ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಆದರೆ ರಾಕೆಟ್ಟು ಅದನ್ನು ಸರಿಯಾದ ಕಕ್ಷೆಯಲ್ಲಿ ಬಿಡಲಾರದೆ ಹೋದುದರಿಂದ ಉಪಗ್ರಹವು ನಷ್ಟವಾಯಿತು. ಅವರು ಕೈಕಟ್ಟಿ ಕೂಡ್ರಲಿಲ್ಲ. ಆರು ತಿಂಗಳ ಮೇಲೆ, ೨೦೨೩ನೆಯ ಫೆಬ್ರುವರಿ ೧೦ರಂದು, ಎರಡನೆಯ ಆಝಾದಿಸ್ಯಾಟ್ ತನ್ನ ಕಕ್ಷೆಯನ್ನು ಮುಟ್ಟಿತು. ಮೊದಲನೆಯದಕ್ಕೆ ನೆರವಾದವರ ರೊಕ್ಕವು ವ್ಯರ್ಥವಾಯಿತೆಂದು ಹೇಳಬಹುದೇ? ೨೦೧೦ನೆಯ ಜುಲೈ ೧೨ರಂದು ಮೇಲೇರಿದ ಸ್ಟುಡ್‌ಸ್ಯಾಟ್ ಒಂದು ಕಿಲೋಗ್ರಾಮಿಗಿಂತಲೂ ಹಗುರಾಗಿದ್ದಿತು. ಬೆಂಗಳೂರು ಹಾಗೂ ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಅದನ್ನು ಕಟ್ಟಿದ್ದರು. ಒಂದು ಕಾಲೇಜಿಗೆ ಹೊರಲಾಗದ ಭಾರವನ್ನು ಏಳು ಹೆಗಲುಗಳು ಹೊತ್ತವು. ಒಂದು ಅಂಗಡಿಗೆ ಆಗದ್ದು ಒಂದು ಚೌಕಕ್ಕೆ ಆಗುವದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

ಆದುದರಿಂದ ಇಂಥ ಮಕ್ಕಳು ನಿಮ್ಮ ಮನೆಬಾಗಿಲಿಗೆ ಬಂದಾಗ ಸುಮ್ಮನೆ ಕೊಟ್ಟು ಕಳಿಸಬೇಡಿರಿ, ಸುಮ್ಮನೆ ಅಟ್ಟಲೂ ಬೇಡಿರಿ. ಒಳಗೆ ಕರೆದು ಕೂಡ್ರಿಸಿ ನೀವು ಮಾಡುವದೇನು ಎಂದು ಕೇಳಿರಿ. ಮನೆಯ ಅಜ್ಜಿಗೆ ತಿಳಿಯುವಂತೆ ತಮ್ಮ ಕೆಲಸವನ್ನು ಹೇಳಲಾರದವನು ಅದನ್ನು ತಾನೂ ಅರಿತಿಲ್ಲವೆಂದು ತಿಳಿಯಬೇಕು. ಪಾವತಿಯನ್ನು ಕೇಳಿ ಪಡೆಯಿರಿ. ತಂಡದಲ್ಲಿ ಬಡವರ ಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ವರ್ಗಣಿಯು ಕಡಿಮೆಯಾದರೆ ಉಳಿಯುವವರು ಯಾರು ಎಂಬದನ್ನು ವಿಚಾರಿಸಿರಿ. ಗೆದ್ದರೂ ಸೋತರೂ ಮರಳಿ ಬಂದು ಹೇಳಬೇಕೆಂದು ಮಾತು ತೆಗೆದುಕೊಳ್ಳಿರಿ. ಇಷ್ಟನ್ನು ಕೇಳಿದ ಮೇಲೆ ಹತ್ತು ರೂಪಾಯಿ ಕೊಟ್ಟರೂ ಅದು ದಾನವಾಗುವದು. ಕೇಳದೆ ಸಾವಿರ ಕೊಟ್ಟರೂ ಅದು ಪೀಡೆಯನ್ನು ಕಳೆದುಕೊಂಡಂತಷ್ಟೇ.

ಮರುದಿನ ಸಂಜೆ ನಾವು ಇಷ್ಟನ್ನೇ, ಇದಕ್ಕಿಂತ ಚಿಕ್ಕದಾಗಿ, ಆ ಅರಿವೆಯ ವ್ಯಾಪಾರಿಗಳಿಗೆ ಹೇಳಿದೆವು. ಚಳ್ಳಕೆರೆಯ ಚಂದ್ರನ ಮಾತಿಗೆ ಅವರು ನಕ್ಕರು. ತಲೆಗಿಷ್ಟು ಎಂಬ ಮಾತಿಗೆ ನಗಲಿಲ್ಲ. ಸ್ವಲ್ಪ ಹೊತ್ತು ಗಜಕೋಲನ್ನು ಕೈಯಲ್ಲಿ ತಿರುವುತ್ತ ಕುಳಿತಿದ್ದು, ೫೦೧ ರೂಪಾಯಿಗಳ ಪಾವತಿಯನ್ನು ಹರಿಸಿದರು. ಆಮೇಲೆ ಎದುರಿನ ಅಂಗಡಿಯವರನ್ನು ತಾವೇ ಕೂಗಿ ಕರೆದರು. ನಾವೂ ನಮ್ಮ ಹೆಸರನ್ನು ಬರೆಯಿಸಿದೆವು. ಮೂವತ್ತು ವರ್ಷಗಳ ಬಾಕಿಯು ಅದರಿಂದ ತೀರಿತೆಂದು ನಾವು ಭಾವಿಸಿಲ್ಲ.

ಶಿವರಾತ್ರಿ ಕಳೆದ ಮೇಲೆ ಇಬ್ಬರೂ ಮರಳಿ ಚೌಕಕ್ಕೆ ಬಂದರು. ಜಮಾಖರ್ಚಿನ ಹಾಳೆಯನ್ನು ತಂದಿದ್ದರು. ಇಪ್ಪತ್ತೂ ಮಂದಿ ಹೋಗಿದ್ದರು, ತಲೆಗಿಷ್ಟು ಎಂದು ಹಾಕುವ ಪ್ರಸಂಗವು ಬಂದಿರಲಿಲ್ಲ. ಉಳಿದ ಸ್ವಲ್ಪ ರೊಕ್ಕವನ್ನು ಮುಂದಿನ ವರ್ಷದ ತಂಡಕ್ಕೆಂದು ಇಟ್ಟಿದ್ದರು. ಬಹುಮಾನವು ಬಂದಿರಲಿಲ್ಲ. ಎರಡನೆಯ ದಿನ ಕಲ್ಲಿನ ಇಳಿಜಾರಿನಲ್ಲಿ ಒಂದು ಗಾಲಿಯು ಸಡಿಲಾಗಿ ಬಂಡಿಯು ನಿಂತುಬಿಟ್ಟಿದ್ದಿತು. ಆದರೆ ಅದಕ್ಕೆ ಮೊದಲು ಮಣ್ಣನ್ನು ಎತ್ತುವ ಕೆಲಸವು ಸರಿಯಾಗಿ ನಡೆದಿದ್ದಿತೆಂದು ಹುಡುಗಿಯು ಹೇಳಿದಳು, ಹೇಳುವಾಗ ಅವಳ ಕೈಗಳು ತಾವೇ ಆ ಯಂತ್ರದ ಕೈಯಂತೆ ಆಡುತ್ತಿದ್ದವು. ವ್ಯಾಪಾರಿಗಳು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮೊತ್ತವನ್ನು ಬೆರಳಿನ ಮೇಲೆ ಇನ್ನೊಮ್ಮೆ ಕೂಡಿಸಿ ನೋಡಿ, "ಲೆಕ್ಕ ಬರೋಬ್ಬರಿ ಅದ. ಇನ್ನೊಮ್ಮೆ ಹೋಗೂಮುಂದ ಗಾಲಿ ಬಿಗಿ ಮಾಡ್ಕೊಂಡು ಹೋಗ್ರಿ ತಂಗಿ," ಎಂದರು.

ಹಾಳೆಯು ಈಗ ಅವರ ಅಂಗಡಿಯ ಗೋಡೆಯ ಮೇಲೆ, ಪಂಚಾಂಗದ ಮಗ್ಗುಲಲ್ಲಿ ಅಂಟಿಸಲ್ಪಟ್ಟಿದೆ.